ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ: ನಡೆಯಲು ಕಷ್ಟವಿರುವ ಹಿರಿಯರು ನೋಡಿಬರಬಹುದೇ?

ತುಮಕೂರಿನ ನಿವೃತ್ತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 71 ವರ್ಷ, ನಮ್ಮ ಯಜಮಾನರಿಗೆ 76. ಅವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. 1971ರ ಡಿಸೆಂಬರ್‌ನಲ್ಲಿ ಶಕರ್‌ಗಢ ಭಾಗದ ಬಸಂತರ್ ನದಿಯ ಬಳಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ನೆಲಬಾಂಬು ತೆಗೆಯುವ ಕೆಲಸದಲ್ಲಿದ್ದರು. ಅಲ್ಲಿ ಅವರ ಜೊತೆಗಾರರೊಬ್ಬರು ತೀರಿಕೊಂಡರು. ಇಬ್ಬರೂ ಒಂದೇ ದಿನ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಕೇಂದ್ರದಲ್ಲಿ ಸೇರಿದವರು, ಒಂದೇ ಬ್ಯಾರಕ್‌ನಲ್ಲಿ ಮಲಗಿದವರು. ಗೆಳೆಯನ ಹೆಸರು ದೆಹಲಿಯ ಯುದ್ಧ ಸ್ಮಾರಕದ ಗೋಡೆಯಲ್ಲಿದೆ ಎಂದು ತಿಳಿದಾಗಿನಿಂದ ಒಮ್ಮೆ ಹೋಗಿ ನೋಡಬೇಕೆಂಬುದು ಅವರ ಆಸೆ.

ಕಷ್ಟವೇನೆಂದರೆ ಅವರ ಎರಡೂ ಮಂಡಿಗಳು ಸವೆದಿವೆ. ಮನೆಯಿಂದ ಹಾಲಿನ ಅಂಗಡಿಯವರೆಗೆ ಕೋಲು ಹಿಡಿದು ಹೋಗುತ್ತಾರೆ, ಬರುವಾಗ ಎರಡು ಕಡೆ ಕಟ್ಟೆಯ ಮೇಲೆ ಕೂರುತ್ತಾರೆ. ನನಗೂ ಬೆನ್ನುನೋವಿದೆ. ಸ್ಮಾರಕ ನಲವತ್ತು ಎಕರೆ ಎಂದು ಓದಿದಾಗ ನನ್ನ ಎದೆ ಕುಸಿಯಿತು. ಗಾಲಿಕುರ್ಚಿಯ ಮಾತೆತ್ತಿದರೆ ಅವರು ಎದ್ದು ಒಳಗೆ ಹೋಗುತ್ತಾರೆ. "ಯುದ್ಧಭೂಮಿಯಲ್ಲಿ ನಡೆದ ಕಾಲಿದು, ಅವನ ಮುಂದೆ ಕುರ್ಚಿಯಲ್ಲಿ ಕೂತು ಹೋಗುವುದಿಲ್ಲ" ಎನ್ನುತ್ತಾರೆ. ಹೋಗಿ ಬಂದವರು ಅಲ್ಲಿ ನಿಜವಾಗಿ ಎಷ್ಟು ನಡೆಯಬೇಕು, ಮೆಟ್ಟಿಲುಗಳಿವೆಯೇ, ಕೂರಲು ಜಾಗವಿದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. "ಸುಲಭ, ಏನೂ ತೊಂದರೆಯಿಲ್ಲ" ಎಂಬ ಉತ್ತರ ಬೇಡ. ಕಷ್ಟವಿದ್ದರೆ ಕಷ್ಟವೆಂದೇ ಹೇಳಿ.

ದೆಹಲಿ ಕನ್ನಡಿಗ, ಆರ್.ಕೆ. ಪುರಂ

ಅಮ್ಮ, ನಮಸ್ಕಾರ. ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಎಷ್ಟು ಬಾರಿ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ನನ್ನ ಮಾವನವರು ಪಾರ್ಶ್ವವಾಯು ಆದ ಮೇಲೆ ಬಂದಿದ್ದರು, ಅವರನ್ನೂ ಕರೆದೊಯ್ದಿದ್ದೆ. ಅದನ್ನು ನೆನಪಿಟ್ಟುಕೊಂಡು ಬರೆಯುತ್ತಿದ್ದೇನೆ.

ನಲವತ್ತು ಎಕರೆಯಲ್ಲಿ ಬಹುಪಾಲು ಹುಲ್ಲು, ಮರ. ನೀವು ನೋಡಬೇಕಾದದ್ದು ನಡುವಿನ ಭಾಗ. ಅದು ಒಂದರೊಳಗೊಂದು ಇರುವ ನಾಲ್ಕು ವೃತ್ತಗಳು: ನಡುವೆ ಸ್ತಂಭ ಮತ್ತು ಜ್ಯೋತಿ ಇರುವ ಅಮರ ಚಕ್ರ, ಅದರ ಸುತ್ತ ವೀರತಾ ಚಕ್ರ, ಆಮೇಲೆ ಹೆಸರುಗಳಿರುವ ತ್ಯಾಗ ಚಕ್ರ, ಹೊರಗೆ ಮರಗಳ ಸಾಲಾದ ರಕ್ಷಕ ಚಕ್ರ. ಇಂಡಿಯಾ ಗೇಟ್‌ನ ನೋಟಕ್ಕೆ ಅಡ್ಡ ಬರಬಾರದೆಂದು ನಡುವಿನ ಭಾಗವನ್ನು ನೆಲಮಟ್ಟದಿಂದ ತಗ್ಗಿನಲ್ಲಿ ಕಟ್ಟಿದ್ದಾರೆ. ಹಾಗಾಗಿ ಹೋಗುವಾಗ ಇಳಿಯಬೇಕು, ಬರುವಾಗ ಹತ್ತಬೇಕು. ಮೆಟ್ಟಿಲೇ ಹತ್ತಬೇಕೆಂದಿಲ್ಲ, ಇಳಿಜಾರು ದಾರಿಯಿದೆ. ಮಾವನವರನ್ನು ಗಾಲಿಕುರ್ಚಿಯಲ್ಲಿ ಆ ದಾರಿಯಿಂದಲೇ ಕರೆದೊಯ್ದೆ. ಒಳಗೆ ಕುರ್ಚಿ ಸಿಗುತ್ತದೆಯಾದರೂ ಜನ ಹೆಚ್ಚಿರುವ ದಿನ ಕಾಯಬೇಕಾದೀತು, ನಿಮ್ಮದೇ ಒಂದನ್ನು ಜೊತೆಗಿಟ್ಟುಕೊಂಡರೆ ನೆಮ್ಮದಿ.

ಕಷ್ಟವಿರುವುದು ಒಳಗಿಗಿಂತ ಹೊರಗೆ. ಸುತ್ತಲಿನ ವೃತ್ತಾಕಾರದ ರಸ್ತೆಯಲ್ಲಿ ವಾಹನಗಳು ನಿಲ್ಲುವಂತಿಲ್ಲ. ಆಟೊದವರು ಎಲ್ಲೋ ಇಳಿಸಿ ಹೊರಟುಬಿಡುತ್ತಾರೆ, ಅಲ್ಲಿಂದ ಬಾಗಿಲವರೆಗಿನ ನಡಿಗೆಯಲ್ಲೇ ಅರ್ಧ ಶಕ್ತಿ ಮುಗಿಯುತ್ತದೆ. ಮೆಟ್ರೊ ಬೇಡವೇ ಬೇಡ. ಕೇಂದ್ರ ಸಚಿವಾಲಯ ನಿಲ್ದಾಣದಲ್ಲಿ ಲಿಫ್ಟ್ ಇದ್ದರೂ ಅಲ್ಲಿಂದ ಎರಡು ಕಿಲೋಮೀಟರ್‌ಗಿಂತ ಹೆಚ್ಚು ದೂರ. ಟ್ಯಾಕ್ಸಿಯವರಿಗೆ ಸ್ಮಾರಕದ ಪ್ರವೇಶದ್ವಾರದ ಎದುರೇ ಇಳಿಸಬೇಕೆಂದು ಹತ್ತುವ ಮೊದಲೇ ಹೇಳಿ. "ಇಂಡಿಯಾ ಗೇಟ್" ಎಂದಷ್ಟೇ ಹೇಳಿದರೆ ಬೇರೆ ಬದಿಗೆ ಹೋಗುತ್ತೀರಿ.

ಪ್ರವೇಶಕ್ಕೆ ಶುಲ್ಕವಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಆಗಲೇ ಹೋಗಿ. ಜನವರಿ ಕೊನೆಯ ವಾರಗಳಲ್ಲಿ ಗಣರಾಜ್ಯೋತ್ಸವದ ತಾಲೀಮಿಗಾಗಿ ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತಾರೆ. ಡಿಸೆಂಬರ್‌ನಿಂದಲೇ ಮಂಜು ಕವಿದು ವಿಮಾನ, ರೈಲು ಎಲ್ಲವೂ ತಡವಾಗುತ್ತವೆ. ಫೆಬ್ರುವರಿಯ ಎರಡನೆಯ ವಾರದಿಂದ ಮಾರ್ಚ್ ನಡುವಿನವರೆಗೆ ಒಳ್ಳೆಯ ಕಾಲ. ಏಪ್ರಿಲ್ ಬಂದರೆ ಆ ಕಲ್ಲುಹಾಸು ಕಾದ ಕಾವಲಿಯಾಗುತ್ತದೆ.

ಹಾಸನದ ಅಜ್ಜಿ

ನಾನು 1984ರಲ್ಲಿ ದೆಹಲಿಗೆ ಹೋಗಿದ್ದಾಗ ಜ್ಯೋತಿ ಇಂಡಿಯಾ ಗೇಟ್ ಕಮಾನಿನ ಕೆಳಗೇ ಉರಿಯುತ್ತಿತ್ತು. ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಅದರ ಮೇಲೆ ಹೆಲ್ಮೆಟ್. ಹೋದ ವರ್ಷ ಮೊಮ್ಮಗನ ಜೊತೆ ಹೋಗಿ ಅದನ್ನೇ ಹುಡುಕಿಕೊಂಡು ಕಮಾನಿನವರೆಗೆ ನಡೆದೆ. ಅಲ್ಲಿ ಜ್ಯೋತಿ ಇರಲಿಲ್ಲ. ಮತ್ತೆ ಸ್ಮಾರಕದವರೆಗೆ ನಡೆಯುವ ಶಕ್ತಿ ಉಳಿಯಲಿಲ್ಲ, ಹಾಗೇ ಹಿಂದಿರುಗಿದೆ. ಆ ಬೇಸರ ಇನ್ನೂ ಇದೆ. ನನ್ನ ವಯಸ್ಸಿನವರು ಯಾರಾದರೂ ಹೊರಟಿದ್ದರೆ ಇದನ್ನು ತಿಳಿದುಕೊಂಡು ಹೋಗಲಿ.

ದೆಹಲಿ ಕನ್ನಡಿಗ, ಆರ್.ಕೆ. ಪುರಂ

ಅಜ್ಜಿ ಹೇಳಿದ್ದು ಬಹಳ ಮುಖ್ಯ. 1972ರ ಜನವರಿ 26ರಿಂದ ಕಮಾನಿನ ಕೆಳಗಿದ್ದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ಸೇರಿಸಿದರು. ಹಳೆಯ ನೆನಪಿನಲ್ಲಿ ಬರುವ ಹಿರಿಯರು ಮೊದಲು ಇಂಡಿಯಾ ಗೇಟ್‌ಗೆ ಹೋಗಿ ದಣಿಯುವುದನ್ನು ನಾನೂ ಕಂಡಿದ್ದೇನೆ. ಇಂಡಿಯಾ ಗೇಟ್‌ನ ಕಲ್ಲಿನಲ್ಲಿರುವುದು ಮೊದಲನೆಯ ಮಹಾಯುದ್ಧ ಮತ್ತು ಮೂರನೆಯ ಅಫ್ಘನ್ ಯುದ್ಧದಲ್ಲಿ ಮಡಿದವರ ಹೆಸರುಗಳು. ಸ್ವಾತಂತ್ರ್ಯದ ನಂತರ ಮಡಿದವರ ಹೆಸರುಗಳಿಗೆ ತ್ಯಾಗ ಚಕ್ರಕ್ಕೇ ಬರಬೇಕು. 2019ರ ಫೆಬ್ರುವರಿ 25ರಂದು ಸ್ಮಾರಕ ಉದ್ಘಾಟನೆಯಾದಾಗ ಅಲ್ಲಿ 25,942 ಹೆಸರುಗಳಿದ್ದವು. ಒಂದೊಂದು ಹೆಸರಿಗೂ ಒಂದೊಂದು ಗ್ರಾನೈಟ್ ಇಟ್ಟಿಗೆ.

ಕಮಾನನ್ನು ಕಾರಿನಲ್ಲೇ ಒಂದು ಸುತ್ತು ಬಂದು ನೋಡಿದರೂ ಸಾಕು. ಹಾಗೆ ಬರುವಾಗ ಮಂಟಪದಲ್ಲಿರುವ ನೇತಾಜಿ ಪ್ರತಿಮೆಯನ್ನು ತೋರಿಸಿ. 28 ಅಡಿಯ ಆ ಕಪ್ಪುಕಲ್ಲಿನ ಮೂರ್ತಿಯ ಶಿಲ್ಪಿ ನಮ್ಮ ಮೈಸೂರಿನ ಅರುಣ್ ಯೋಗಿರಾಜ್.

ಬೆಂಗಳೂರು ನಿವಾಸಿ

ನನ್ನದು ಬೇರೆ ಅಭಿಪ್ರಾಯ, ತಪ್ಪು ತಿಳಿಯಬೇಡಿ. 76ರ ವಯಸ್ಸಿನಲ್ಲಿ ಸವೆದ ಮಂಡಿ ಹೊತ್ತು ದೆಹಲಿಗೆ ಏಕೆ ಹೋಗಬೇಕು? ನೆಹರು ತಾರಾಲಯದ ಎದುರಿನ ರಾಷ್ಟ್ರೀಯ ಸೈನಿಕ ಸ್ಮಾರಕ ಉದ್ಯಾನಕ್ಕೆ ತುಮಕೂರಿನಿಂದ ಎರಡು ಗಂಟೆಯ ದಾರಿ. ಅಲ್ಲಿ ನಿಲ್ಲಿಸಿರುವ ಏಕಶಿಲೆಯನ್ನು ವೀರಗಲ್ಲು ಎಂದೇ ಕರೆಯುತ್ತಾರೆ. ಊರ ಮುಂದೆ, ಕೆರೆ ಏರಿಯ ಮೇಲೆ ವೀರಗಲ್ಲು ನೆಟ್ಟು ಸತ್ತವನನ್ನು ನೆನೆದ ನಾಡು ನಮ್ಮದು. ನೆನೆಯುವುದಕ್ಕೆ ಇಲ್ಲೇ ಕಲ್ಲಿದೆ. ಪ್ರಯಾಣದಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಯಾರು ಹೊಣೆ?

ತುಮಕೂರಿನ ನಿವೃತ್ತ ಶಿಕ್ಷಕಿ

ನಿಮ್ಮ ಕಾಳಜಿ ಅರ್ಥವಾಗುತ್ತದೆ, ತಪ್ಪು ತಿಳಿಯಲಿಲ್ಲ. ಇದೇ ಮಾತನ್ನು ನಾನೂ ಅವರಿಗೆ ಹೇಳಿದ್ದೆ. ಅದಕ್ಕೆ ಅವರು, "ವೀರಗಲ್ಲಿನ ಮೇಲೆ ಆ ಊರಿನವನ ಚಿತ್ರವೇ ಇರುತ್ತದೆ, ಯಾರದೋ ಕಲ್ಲಿಗೆ ಯಾರೂ ಹೂವಿಡುವುದಿಲ್ಲ. ನಾನು ನೋಡಬೇಕಿರುವುದು ಅವನ ಹೆಸರನ್ನು ಕೊರೆದಿರುವ ಆ ಒಂದು ಇಟ್ಟಿಗೆ" ಎಂದರು. ಆ ಗೆಳೆಯನಿಗೆ ಮದುವೆಯಾಗಿರಲಿಲ್ಲ. ತಂದೆತಾಯಿ ಹೋಗಿ ಬಹಳ ವರ್ಷಗಳಾದವು. ಅವರನ್ನು ಹೆಸರು ಹಿಡಿದು ಕರೆದವರಲ್ಲಿ ಇನ್ನು ಉಳಿದಿರುವವರು ನಮ್ಮವರೊಬ್ಬರೇ ಇರಬೇಕು.

ಮಡಿಕೇರಿಯ ಮಾಜಿ ಸೈನಿಕ

ತಾಯಿ, ನಾನು ಬಸಂತರ್‌ನಲ್ಲಿ ಇದ್ದವನಲ್ಲ, ಆಮೇಲಿನ ತಲೆಮಾರಿನವನು. ಆದರೆ ನಾನೂ ಎಂಜಿನಿಯರ್ಸ್‌ನವನೇ. ಬಸಂತರ್ ಕಥೆಯನ್ನು ಓದಿಯೇ ನಾವೆಲ್ಲ ಕೆಲಸ ಕಲಿತದ್ದು. ನಿಮ್ಮ ಯಜಮಾನರಿಗೆ ನನ್ನ ಸಲ್ಯೂಟ್ ತಿಳಿಸಿ, ಮುಂದಿನದನ್ನು ಅವರಿಗೆ ಓದಿ ಹೇಳಿ.

ಸರ್, ಆ ರಾತ್ರಿ ನದಿಯಾಚೆ ಶತ್ರು ಟ್ಯಾಂಕ್‌ಗಳು ಕಾಣಿಸಿಕೊಂಡಾಗ ನಿಮ್ಮವರು ದಾರಿ ಬಿಡಿಸುವ ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ. ಆದರೂ ನಮ್ಮ ಟ್ಯಾಂಕ್ ದಳವಾದ ಪೂನಾ ಹಾರ್ಸ್‌ನ ಟ್ಯಾಂಕ್‌ಗಳು ಆ ನೆಲಬಾಂಬಿನ ಬಯಲಿನಲ್ಲೇ ನುಗ್ಗಿ ದಾಟಿದವು. ಮರುದಿನ, ಡಿಸೆಂಬರ್ 16ರಂದು, ಉರಿಯುತ್ತಿದ್ದ ಟ್ಯಾಂಕ್ ಬಿಡಲೊಪ್ಪದೆ ಹೋರಾಡಿ ಮಡಿದ 21 ವರ್ಷದ ಅರುಣ್ ಖೇತ್ರಪಾಲ್ ಅವರಿಗೆ ಪರಮವೀರ ಚಕ್ರ ಬಂತು. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಆದರೆ ಒಂದು ಮಾತು ಕೇಳುತ್ತೇನೆ. ನೆಲಬಾಂಬಿನ ಬಯಲಿನಲ್ಲಿ ಸ್ಯಾಪರ್ ಎಂದಾದರೂ ನಡೆದದ್ದುಂಟೇ? ಮಂಡಿಯೂರಿ, ಹೊಟ್ಟೆಯ ಮೇಲೆ ಮಲಗಿ, ಕಡ್ಡಿಯನ್ನು ಓರೆಯಾಗಿ ಚುಚ್ಚಿ, ಅಂಗೈ ಅಗಲದಷ್ಟು ಮುಂದೆ ಸರಿಯುವುದು, ಮತ್ತೆ ಚುಚ್ಚುವುದು. ತೆರವಾದ ದಾರಿ ತಿಳಿಯಲೆಂದು ಹಿಂದೆ ಬಿಳಿ ಟೇಪು ಬಿಡಿಸಿಕೊಂಡು ಬರುವುದು. ಎದ್ದು ನಿಂತವನು ಸತ್ತ. ನಮ್ಮ ಕೆಲಸವೆಲ್ಲ ಮಂಡಿಯ ಮೇಲೆಯೇ ನಡೆದದ್ದು. ಆ ಮಂಡಿಗಳು ಇಂದು ಸವೆದಿದ್ದರೆ ಅದನ್ನು ಗೆಳೆಯನ ಮುಂದೆ ಮುಚ್ಚಿಡಬೇಕೇಕೆ?

ಇನ್ನೊಂದು ವಿಷಯ. 1965ರ ಯುದ್ಧದಲ್ಲಿ ಗುಂಡು ತಗುಲಿ ನಡೆಯಲಾಗದಂತಾದ ನಮ್ಮ ಸೇನೆಯ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ದೇಶಕ್ಕೆ ಮೊದಲ ಚಿನ್ನ ತಂದರು. ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರವಿದೆ. ಅಲ್ಲಿ ಪದಕ ಧರಿಸಿ ಗಾಲಿಕುರ್ಚಿಯಲ್ಲಿ ನೇರವಾಗಿ ಕುಳಿತವರನ್ನು ನೋಡಿದರೆ ಎದುರಿರುವವನೇ ಎದ್ದು ನಿಲ್ಲುತ್ತಾನೆ. ಆ ಕುರ್ಚಿ ಸೇನೆಗೆ ಹೊಸದಲ್ಲ ಸರ್.

ಫಿಸಿಯೊಥೆರಪಿ ಕೆಲಸದವಳು, ಶಿವಮೊಗ್ಗ

ಮೇಲಿನ ಉತ್ತರವನ್ನು ಎರಡು ಬಾರಿ ಓದಿದೆ. ನಾನು ಕೆಲಸದ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವಾಗಲೇ ಹೆಚ್ಚು ನೋವಾಗುತ್ತದೆ. ಸ್ಮಾರಕದಲ್ಲಿ ಇಳಿಯುವುದು ಮೊದಲು ಬರುವುದರಿಂದ, "ಇಷ್ಟು ದೂರ ನಡೆದುಬಿಡುತ್ತೇನೆ, ಆಮೇಲೆ ಕುರ್ಚಿ" ಎಂಬ ಲೆಕ್ಕ ಸರಿಯಾಗುವುದಿಲ್ಲ. ಇಳಿಯುವಾಗ ಕುರ್ಚಿ, ಸಮತಟ್ಟಿನಲ್ಲಿ ಬೇಕಾದಷ್ಟು ನಡಿಗೆ, ಹತ್ತುವಾಗ ಮತ್ತೆ ಕುರ್ಚಿ, ಹೀಗೆ ಮಾಡಿ. ನೋವು ಬಂದ ಮೇಲೆ ಕೂರುವುದಲ್ಲ, ಬರುವ ಮೊದಲೇ ಕೂರಬೇಕು. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಹೊರಡುವ ಮೊದಲು ಬದಲಿಸಿ. ನುಣುಪು ಕಲ್ಲಿನ ಮೇಲೆ ಹಳೆಯ ರಬ್ಬರ್ ಜಾರುತ್ತದೆ. ತೀರಾ ಕಡಿಮೆ ಬೆಲೆಯ ವಸ್ತು, ಅದರಿಂದಲೇ ಎಷ್ಟೋ ಜನ ಬೀಳುತ್ತಾರೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಆ ಭಯಕ್ಕೆ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮಧ್ಯಾಹ್ನ ತಲೆ ಸುತ್ತುತ್ತದೆ. ಅಂದಿನ ಮಾತ್ರೆಯ ಹೊತ್ತನ್ನು ನಿಮ್ಮ ವೈದ್ಯರ ಬಳಿ ಮೊದಲೇ ಮಾತಾಡಿಕೊಳ್ಳಿ, ನೀವಾಗಿ ಬಿಡಬೇಡಿ. ಒಳಗೆ ಹೋದ ಕೂಡಲೇ ಶೌಚಾಲಯ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ.

ಟೀಚರ್, ನಿಮ್ಮ ಬೆನ್ನುನೋವನ್ನು ಒಂದೇ ವಾಕ್ಯದಲ್ಲಿ ಬರೆದು ಮುಗಿಸಿದ್ದೀರಿ. ಕುರ್ಚಿ ತಳ್ಳುವವರು ನೀವಾಗಬಾರದು. ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸಲು ಬಲ ಬೇಕು. ಮಗನೋ ಮೊಮ್ಮಗನೋ ಯಾರಾದರೂ ಜೊತೆಗಿರಲೇಬೇಕು.

ಕಲಬುರಗಿಯವನು

ಇದೇ ವೇಳೆ ಕೇಳಿಬಿಡುತ್ತೇನೆ. ನಮ್ಮ ತಂದೆಗೆ 72. ಅವರಿಗೆ ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕ ನೋಡಬೇಕೆಂಬ ಆಸೆ. ಕಾಲು ಪರವಾಗಿಲ್ಲ, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ.

ಫಿಸಿಯೊಥೆರಪಿ ಕೆಲಸದವಳು, ಶಿವಮೊಗ್ಗ

ಅಲ್ಲಿ ಪ್ರಶ್ನೆ ಕಾಲಿನದಲ್ಲ, ಉಸಿರಿನದು. ದ್ರಾಸ್ ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ. ಶ್ರೀನಗರದಿಂದ ಹೋಗುವ ದಾರಿಯಲ್ಲಿ ದಾಟಬೇಕಾದ ಜೋಜಿ ಲಾ ಕಣಿವೆಮಾರ್ಗ ಇನ್ನೂ ಎತ್ತರ. ಹೃದ್ರೋಗ ತಜ್ಞರು ಪರೀಕ್ಷಿಸಿ ಒಪ್ಪಿದರೆ ಮಾತ್ರ ಹೋಗಿ, ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ. ಇದನ್ನು ಬೇರೆ ಚರ್ಚೆಯಾಗಿ ಹಾಕಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ತುಮಕೂರಿನ ನಿವೃತ್ತ ಶಿಕ್ಷಕಿ

ಮಡಿಕೇರಿಯ ಅಣ್ಣನವರ ಉತ್ತರವನ್ನು ರಾತ್ರಿ ಊಟವಾದ ಮೇಲೆ ಅವರಿಗೆ ಓದಿ ಹೇಳಿದೆ. "ಬಿಳಿ ಟೇಪು" ಎಂಬ ಮಾತು ಬಂದಾಗ ಕಣ್ಣು ಮುಚ್ಚಿಕೊಂಡರು. ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಮಲಗುವ ಮುಂಚೆ, "ಫೆಬ್ರುವರಿಗೆ ಟಿಕೆಟ್ ನೋಡಲು ಹುಡುಗನಿಗೆ ಹೇಳು" ಎಂದರು. ಕುರ್ಚಿಯ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊಮ್ಮಗ ಮರುದಿನವೇ ಮಡಚುವ ಕುರ್ಚಿಯೊಂದನ್ನು ತಂದಿಟ್ಟಿದ್ದಾನೆ.

ರೈಲೋ ವಿಮಾನವೋ?

ಹುಬ್ಬಳ್ಳಿಯ ರೈಲ್ವೆ ನಿವೃತ್ತ

ನಾನು ರೈಲಿನವನಾದರೂ ನಿಮಗೆ ವಿಮಾನವೆಂದೇ ಹೇಳುತ್ತೇನೆ. ಬೆಂಗಳೂರಿನಿಂದ ದೆಹಲಿಗೆ ಒಂದೂವರೆ ದಿನದ ಪ್ರಯಾಣ. ಕೆಳಗಿನ ಬರ್ತ್ ಸಿಕ್ಕರೂ ಓಡುವ ಗಾಡಿಯಲ್ಲಿ ಶೌಚಾಲಯಕ್ಕೆ ಹೋಗಿಬರುವುದು ಆ ಮಂಡಿಗಳಿಗೆ ಶಿಕ್ಷೆ. ಹಿರಿಯ ನಾಗರಿಕರಿಗೆ ಇದ್ದ ದರ ರಿಯಾಯಿತಿಯೂ 2020ರ ಮಾರ್ಚ್‌ನಿಂದ ಇಲ್ಲ. ವಿಮಾನದ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಿ. ಹೋದ ಮೇಲೆ ಕೇಳಿದರೆ ಕಾಯಿಸುತ್ತಾರೆ, ನನ್ನ ಅಕ್ಕನನ್ನು ಹಾಗೆ ಮುಕ್ಕಾಲು ಗಂಟೆ ನಿಲ್ಲಿಸಿದ್ದರು.

ದೆಹಲಿ ಕನ್ನಡಿಗ, ಆರ್.ಕೆ. ಪುರಂ

ಟೀಚರ್, ಹೊರಡುವ ಮೊದಲು ಒಂದು ಕೆಲಸ ಮಾಡಿ. ಸ್ಮಾರಕದ ಜಾಲತಾಣದಲ್ಲಿ ಹೆಸರು ಹುಡುಕುವ ಅನುಕೂಲವಿದೆ. ಅಲ್ಲಿರುವುದನ್ನು ಬರೆದುಕೊಂಡು ಬನ್ನಿ. ಹೆಸರುಗಳ ಗೋಡೆಗಳು ಚಕ್ರವ್ಯೂಹದ ಹಾಗೆ ಸುತ್ತುವರಿದಿವೆ. ತಿಳಿಯದೆ ಹೊರಟರೆ ಹುಡುಕುವುದರಲ್ಲೇ ಸುಸ್ತಾಗುತ್ತದೆ. ಸೈನಿಕ ಸಂಖ್ಯೆ ನೆನಪಿದ್ದರೆ ಇನ್ನೂ ಒಳ್ಳೆಯದು, ಒಂದೇ ಹೆಸರಿನವರು ಹಲವರಿರುತ್ತಾರೆ.

ತುಮಕೂರಿನ ನಿವೃತ್ತ ಶಿಕ್ಷಕಿ

ಸಂಖ್ಯೆಯನ್ನು ಕೇಳಿದೆ. ತಡವರಿಸದೆ ಹೇಳಿದರು. ನನ್ನ ಮೊಬೈಲ್ ಸಂಖ್ಯೆ ಅವರಿಗೆ ಇಂದಿಗೂ ಬಾಯಿಗೆ ಬರುವುದಿಲ್ಲ.

ತುಮಕೂರಿನ ನಿವೃತ್ತ ಶಿಕ್ಷಕಿ

ಹೋಗಿ ಬಂದೆವು. ನಿನ್ನೆ ಊರು ತಲುಪಿದೆವು. ನಿಮ್ಮೆಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಬೆಳಿಗ್ಗೆ ಒಂಬತ್ತೂ ಕಾಲಿಗೆ ಬಾಗಿಲಲ್ಲಿದ್ದೆವು. ತಪಾಸಣೆಯ ಬಳಿ ನಿಂತಿದ್ದ ಯುವಕ ಇವರ ಕೋಟಿನ ಮೇಲಿನ ಪದಕಗಳನ್ನು ನೋಡಿ ನೆಟ್ಟಗೆ ನಿಂತು, "ಯಾವ ರೆಜಿಮೆಂಟ್ ಸಾಹೇಬರೇ?" ಎಂದು ಹಿಂದಿಯಲ್ಲಿ ಕೇಳಿದ. "ತಂಬಿ" ಎಂದರು ನಮ್ಮವರು. ಮದ್ರಾಸ್ ಸ್ಯಾಪರ್ಸ್‌ನವರಿಗೆ ಸೇನೆಯಲ್ಲಿ ಇರುವ ಹೆಸರು ಅದು. ಆ ಹುಡುಗನ ಮುಖ ಅರಳಿತು. ಇಳಿಜಾರಿನ ತುದಿಗೆ ಬಂದಾಗ ಮೊಮ್ಮಗ ಏನೂ ಹೇಳದೆ ಕುರ್ಚಿ ಬಿಡಿಸಿದ. ಇವರು ಏನೂ ಹೇಳದೆ ಕುಳಿತರು. ಇದಕ್ಕಾಗಿ ನಾನು ನಾಲ್ಕು ತಿಂಗಳು ನಿದ್ದೆಗೆಟ್ಟಿದ್ದೆ.

ಹೆಸರು ಗೋಡೆಯ ಕೆಳಸಾಲುಗಳಲ್ಲಿತ್ತು. ನಾನು ಬೆನ್ನು ಬಗ್ಗಿಸಿ, ಕನ್ನಡಕ ಸರಿಮಾಡಿಕೊಂಡು ಓದಬೇಕಾಯಿತು. ಮೊಮ್ಮಗ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. ಕುರ್ಚಿಯಲ್ಲಿದ್ದ ಅವರಿಗೆ ಅದು ಕಣ್ಣಿನ ಮಟ್ಟಕ್ಕೇ ಇತ್ತು, ಎದುರಿಗೆ ಕೂತ ಮನುಷ್ಯನ ಮುಖದ ಹಾಗೆ. ನಿಂತೇ ಬಂದಿದ್ದರೆ ಆ ಮಂಡಿಗಳಿಂದ ಬಗ್ಗಿ ನೋಡುವುದಕ್ಕೆ ಆಗುತ್ತಲೇ ಇರಲಿಲ್ಲ. ಕೈಚಾಚಿ ಅಕ್ಷರಗಳ ಮೇಲೆ ಬೆರಳಾಡಿಸಿದರು. ಊರಿನ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದರು. ನಾವಿಬ್ಬರೂ ದೂರ ಸರಿದು ನಿಂತೆವು, ಏನೆಂದರೋ ಗೊತ್ತಿಲ್ಲ, ಕೇಳುವುದೂ ಇಲ್ಲ. ನಲವತ್ತು ನಿಮಿಷ ಅಲ್ಲಿದ್ದೆವು. ಯಾರೂ ನಮ್ಮನ್ನು ಮುಂದೆ ಹೋಗಿ ಎನ್ನಲಿಲ್ಲ.

ಅಲ್ಲಿಂದ ಜ್ಯೋತಿಯ ಬಳಿಗೆ ಹೋದೆವು. ವೀರತಾ ಚಕ್ರದ ಕಂಚಿನ ಉಬ್ಬುಚಿತ್ರಗಳ ಮುಂದೆ ಬೇಗ ಸಾಗಿದೆವು. ಅದು ನೆರಳಿರುವ ಜಾಗ, ಹಿರಿಯರು ಬಿಸಿಲು ಏರಿದಾಗ ಅಲ್ಲಿಗೆ ಬರುವುದು ಒಳ್ಳೆಯದು. ಪರಮ ಯೋಧ ಸ್ಥಳಕ್ಕೂ ಹೋದೆವು. 21 ಪರಮವೀರ ಚಕ್ರ ಪುರಸ್ಕೃತರ ಎದೆಮಟ್ಟದ ಪ್ರತಿಮೆಗಳು ಅಲ್ಲಿವೆ. ಅರುಣ್ ಖೇತ್ರಪಾಲ್ ಅವರ ಮುಂದೆ ಮಾತ್ರ ಇವರು ಎದ್ದು ನಿಂತರು, ಮೊಮ್ಮಗನ ಭುಜ ಹಿಡಿದು. "ನಮ್ಮ ದಾರಿಯಲ್ಲೇ ದಾಟಿ ಹೋದ ಹುಡುಗ" ಎಂದರು. ಅವರ ಬಾಯಲ್ಲಿ ಆತ ಇನ್ನೂ ಹುಡುಗನೇ.

ಕಷ್ಟಗಳನ್ನೂ ಬರೆಯಬೇಕು. ಸಂಜೆಯ ಗೌರವ ಸಮಾರಂಭಕ್ಕೆ ಮತ್ತೆ ಹೋದೆವು. ಮಡಿದವರೊಬ್ಬರ ಮನೆಯವರು ಪುಷ್ಪಚಕ್ರ ಇಡುವುದನ್ನು ನೋಡಬೇಕೆಂದು ಇವರಿಗೆ ಆಸೆಯಿತ್ತು. ಜನ ಮುಂದೆ ಒತ್ತಾಗಿ ನಿಂತು ಮೊಬೈಲ್ ಎತ್ತಿ ಹಿಡಿದಿದ್ದರು. ಕುರ್ಚಿಯಲ್ಲಿ ಕೂತವರಿಗೆ ಕಂಡದ್ದು ಬೆನ್ನುಗಳು ಮಾತ್ರ. ದಯವಿಟ್ಟು, ಅಂಥ ಜಾಗದಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಕುಳಿತವರಿದ್ದರೆ ದಾರಿ ಬಿಡಿ. ಕೊನೆಗೆ ಪಂಜಾಬಿನ ಒಬ್ಬ ಹೆಂಗಸು ಕಂಡು, ಎಲ್ಲರನ್ನೂ ಸರಿಸಿ ಜಾಗ ಮಾಡಿಕೊಟ್ಟರು. ಒಂದೇ ದಿನ ಎರಡು ಬಾರಿ ಹೋದದ್ದು ನಮ್ಮ ತಪ್ಪು ಲೆಕ್ಕ. ಮರುದಿನ ಇಬ್ಬರೂ ಕೋಣೆಯಲ್ಲೇ ಮಲಗಿದ್ದೆವು. ಎರಡು ದಿನಕ್ಕೆ ಹಂಚಿಕೊಳ್ಳಿ.

ಮಡಿಕೇರಿಯ ಮಾಜಿ ಸೈನಿಕ

ಓದಿದೆ, ತಾಯಿ. ಸರ್ ಈಗ ಹೇಗಿದ್ದಾರೆ?

ತುಮಕೂರಿನ ನಿವೃತ್ತ ಶಿಕ್ಷಕಿ

ಚೆನ್ನಾಗಿದ್ದಾರೆ. ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೇನೆ. ಬೆಳಿಗ್ಗೆ ಮೊಮ್ಮಗ ಕುರ್ಚಿಯನ್ನು ಅಟ್ಟಕ್ಕೆ ಹಾಕಲು ಎತ್ತಿಕೊಂಡಾಗ ಬೇಡವೆಂದರು, ಕಾರಿನಲ್ಲೇ ಇರಲಿ ಎಂದರು. ಮುಂದಿನ ಭಾನುವಾರ ಬೆಂಗಳೂರಿನ ವೀರಗಲ್ಲು ನೋಡಲು ಹೋಗುತ್ತೇವೆ. ಅಲ್ಲಿ ವಾಹನ ಎಲ್ಲಿ ನಿಲ್ಲಿಸಬೇಕೆಂದು ಬೆಂಗಳೂರಿನವರು ಹೇಳಬೇಕು.